ಕಳಸೂಬಾಯಿಯ ಎರಡನೆಯ ಏಣಿ

ಸ್ಮರಣ ಸಂಚಿಕೆಯ ಸಂಪಾದಕರು ಈ ಸಲ ಆರೋಗ್ಯ ವಿಭಾಗಕ್ಕೆ ನನ್ನಿಂದ ಲೇಖನವೊಂದನ್ನು ಬಯಸಿದಾಗ ನಾನು ಬೆರಗಾದೆ. ಆ ಪುಟಗಳು ವೈದ್ಯ ಮಹಾಶಯರಿಗೆ ಮೀಸಲಾದವು. ನಾನಾದರೋ ವಾಣಿಜ್ಯ ಶಾಸ್ತ್ರದ ಪದವೀಧರ. ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಜಮಾ-ಖರ್ಚುಗಳ ನಡುವೆ ಬಾಳಿದವನು. "ನೀವು ಕಳಸೂಬಾಯಿಗೆ ಹೋಗಿ ನಡುದಾರಿಯಿಂದ ಹಿಂದಿರುಗಿದ ಸಂಗತಿಯನ್ನೇ ಬರೆಯಿರಿ, ಸಾಕು" ಎಂದರು ಅವರು. ಆ ಸಂಗತಿ ನನ್ನೊಬ್ಬನದಲ್ಲ. ಅದು ಯಾರದೋ ಅವರ ಅಪ್ಪಣೆ ಬೇಕಾಗಿತ್ತು. ಕೇಳಿದೆ. "ಬರೆಯಿರಿ ಮಾರಾಯ್ರೆ, ಪೂರಾ ಹೆಸರು ಮಾತ್ರ ಹಾಕಬೇಡಿ, ಗಿರಾಕಿಗಳು ಹೆದರಿಯಾರು" ಎಂದರು. ಆದುದರಿಂದ ಅವರು ಇಲ್ಲಿ ಬರಿಯ ಶೆಟ್ಟರು.

2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜಾದಿನಗಳಾದವು. ಅಲ್ಲಿಯವರೆಗೆ ಶನಿವಾರ ಮಧ್ಯಾಹ್ನದವರೆಗೆ ದುಡಿದು, ಲೋಕಲ್ ಗಾಡಿಯಲ್ಲಿ ತೂಕಡಿಸುತ್ತ ಮನೆ ಸೇರುತ್ತಿದ್ದ ನನ್ನಂಥವರಿಗೆ ಎರಡು ಇಡೀ ದಿನಗಳು ಕೈಗೆ ಬಂದಾಗ ಏನು ಮಾಡಬೇಕೆಂಬುದೇ ತಿಳಿಯಲಿಲ್ಲ. ಕೆಲವು ತಿಂಗಳು ನಿದ್ದೆ ಮಾಡಿದೆ. ಆಮೇಲೆ ಸಂಘದ ನಾಲ್ಕೈದು ಗೆಳೆಯರು ಕೂಡಿ ಸಹ್ಯಾದ್ರಿಯ ಬೆಟ್ಟಗಳನ್ನು ಸುತ್ತುವ ಹವ್ಯಾಸ ಹಚ್ಚಿಕೊಂಡೆವು. ರಾಜಮಾಚಿ, ಲೋಹಗಡ, ಹರಿಶ್ಚಂದ್ರಗಡ ಹೀಗೆ. ನಮ್ಮ ಕರಾವಳಿಯ ಬೆನ್ನಿಗೆ ನಿಂತ ಘಟ್ಟವೇ ಇಲ್ಲಿಯೂ ನಿಂತಿದೆಯಲ್ಲ, ಅದಕ್ಕಾಗಿ ಈ ಬೆಟ್ಟಗಳಲ್ಲಿ ನನಗೆ ಪರದೇಶವೆನ್ನಿಸಿಲ್ಲ.

ಕಳಸೂಬಾಯಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1646 ಮೀಟರು. ನಮ್ಮ ಮುಳ್ಳಯ್ಯನಗಿರಿಗೆ (1930 ಮೀಟರು) ಹೋಲಿಸಿದರೆ ಕಿರಿದು. ಆದರೆ ಮುಳ್ಳಯ್ಯನಗಿರಿಗೆ ಬಹುಪಾಲು ಮೋಟಾರಿನಲ್ಲೇ ಏರಬಹುದು. ಕಳಸೂಬಾಯಿಯನ್ನು ಬುಡದ ಹಳ್ಳಿಯಿಂದ ಎಂಟುನೂರು ಮೀಟರಿಗೂ ಹೆಚ್ಚು ಕಾಲಿನಿಂದಲೇ ಏರಬೇಕು. ಕಡಿದಾದ ಬಂಡೆಗಳಿಗೆ ಕಬ್ಬಿಣದ ಏಣಿಗಳನ್ನು ಹಾಕಿದ್ದಾರೆ. ಎರಡು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ ನಾವು ಐವರು ಅಲ್ಲಿಗೆ ಹೊರಟೆವು: ನಾನು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟರು, ರೈಲ್ವೆ ಇಂಜಿನಿಯರರಾದ ಧಾರವಾಡದ ಮಿತ್ರರು, ವಿಮಾ ಕಂಪನಿಯಲ್ಲಿರುವ ಒಬ್ಬ ತರುಣ, ಮತ್ತು ಶೆಟ್ಟರು. ಐವತ್ತೆರಡು ವಯಸ್ಸಿನ ಶೆಟ್ಟರಿಗೆ ಉಪನಗರದಲ್ಲಿ ಹೋಟೆಲು. ಅವರು ಮೊದಲ ಬಾರಿ ಬರುತ್ತಿದ್ದರು. ಬರುವಂತೆ ಮೂರು ತಿಂಗಳು ಕಾಡಿದವನು ನಾನು. "ಗಲ್ಲೆಯ ಮುಂದೆ ಕೂತು ಕೂತು ಹೊಟ್ಟೆ ಬಂದಿದೆ, ಒಂದು ಸಲ ಬನ್ನಿ, ಹತ್ತು ವರ್ಷ ಕಡಿಮೆಯಾಗುತ್ತದೆ" ಎಂದಿದ್ದೆ.

ದಾದರಿನಿಂದ ಕಸಾರಾ ಲೋಕಲ್ ಹಿಡಿದೆವು. ಮಧ್ಯ ರೈಲ್ವೆಯ ಆ ಕೊನೆಯ ಲೋಕಲ್ ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಸುಮಾರು 120 ಕಿಲೋಮೀಟರು. ಅಲ್ಲಿಂದಾಚೆ ಥಳ ಘಾಟ್. 37 ಅಡಿ ನಡೆದರೆ ಒಂದು ಅಡಿ ಏರುವ ಹಳಿ. ಆ ಏರಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕಲು ಕಸಾರಾದಲ್ಲಿ ಹೆಚ್ಚಿನ ಎಂಜಿನುಗಳನ್ನು ಜೋಡಿಸುತ್ತಾರೆ. ಅವುಗಳ ಹೆಸರು 'ಬ್ಯಾಂಕರ್' ಎಂದು ರೈಲ್ವೆ ಮಿತ್ರರು ತಿಳಿಸಿದಾಗ ಎಲ್ಲರೂ ನನ್ನ ಮುಖ ನೋಡಿ ನಕ್ಕರು. "ಹಿಂದಿನಿಂದ ನೂಕೋದ ಬ್ಯಾಂಕಿನವರ ಕೆಲಸ ಅಲ್ಲೇನ್ರೀ?" ಎಂದು ಅವರು ಕೆಣಕಿದರು. ಶೆಟ್ಟರನ್ನು ಮನೆಯಿಂದ ನೂಕಿ ತಂದವನು ನಾನೇ ಆದ್ದರಿಂದ ಆ ಹಾಸ್ಯ ನನಗೂ ಹಿತವಾಗಿತ್ತು.

ಕಸಾರಾದಿಂದ ಜೀಪಿನಲ್ಲಿ ಇಗತಪುರಿ, ಘೋಟಿ ದಾಟಿ ಸಂಜೆಗೆ ಬಾರಿ ಎಂಬ ಹಳ್ಳಿಯನ್ನು ಸೇರಿದೆವು. ಇದು 2024ರಲ್ಲಿ ಅಹಿಲ್ಯಾನಗರವೆಂದು ಹೆಸರು ಬದಲಾದ ಅಹಮದನಗರ ಜಿಲ್ಲೆಯ ಅಕೋಲೆ ತಾಲೂಕಿಗೆ ಸೇರಿದ್ದು. ಮಹಾದೇವ ಕೋಳಿ ಜನಾಂಗದವರ ಹಳ್ಳಿ. ಭತ್ತದ ಕೊಯ್ಲು ಮುಗಿದು ಗದ್ದೆಗಳು ಬೋಳಾಗಿದ್ದವು. ನಾವು ತಂಗಿದ ಮನೆಯ ಒಂದು ಪಾರ್ಶ್ವದ ಗೋಡೆ ಇನ್ನೂ ಹಳೆಯ ಕ್ರಮದ್ದು: ಕಾರವಿ ಗಿಡದ ಕೋಲುಗಳನ್ನು ಹೆಣೆದು ಮಣ್ಣು ಸಗಣಿ ಬಳಿದದ್ದು. ಮನೆಯಾಕೆ ನಾಚಣಿಯ ಭಾಕ್ರಿ, ಪಿಠಲಾ, ಹಸಿಮೆಣಸಿನ ಠೇಚಾ ಬಡಿಸಿದಳು. ನಾಚಣಿಯೆಂದರೆ ನಮ್ಮ ರಾಗಿಯೇ. ನಲವತ್ತು ವರ್ಷ ಮುಂಬಯಿಯಲ್ಲಿದ್ದ ಮೇಷ್ಟರು ಮೊದಲ ತುತ್ತಿಗೇ ಕಣ್ಣು ಮುಚ್ಚಿ "ನಮ್ಮ ಅಜ್ಜಿಯ ಕೈ" ಎಂದರು.

ಆ ರಾತ್ರಿ ಮನೆಯಾಕೆ ಕಳಸೂ ಎಂಬ ಹುಡುಗಿಯ ಕಥೆ ಹೇಳಿದಳು. ಕಳಸೂ ಒಂದು ಮನೆಯಲ್ಲಿ ಕೆಲಸಕ್ಕಿದ್ದಳಂತೆ. ಎಲ್ಲ ಕೆಲಸ ಮಾಡುವೆ, ಕಸ ಗುಡಿಸುವುದು ಪಾತ್ರೆ ತಿಕ್ಕುವುದು ಎರಡನ್ನು ಮಾತ್ರ ಮಾಡಲಾರೆ ಎಂಬುದು ಅವಳ ಕರಾರು. ಒಂದು ದಿನ ಯಜಮಾನ ಅದನ್ನೂ ಮಾಡಿಸಿದ. ಅವಳು ಮನೆ ಬಿಟ್ಟು ಬೆಟ್ಟ ಹತ್ತಿದಳು, ಅಲ್ಲಿಯೇ ನೆಲೆಯಾದಳು. ಶಿಖರದಲ್ಲಿರುವುದು ಅವಳದೇ ಪುಟ್ಟ ಗುಡಿ, ನವರಾತ್ರಿಯಲ್ಲಿ ಜಾತ್ರೆ. ಕರಾರು ಮುರಿದವನ ಮನೆಯಲ್ಲಿ ನಿಲ್ಲದ ದೇವತೆ ಬ್ಯಾಂಕಿನವನಾದ ನನಗೆ ಬಹಳ ಮೆಚ್ಚಿಗೆಯಾದಳು.

ಬೆಳಗಿನ ಐದೂವರೆಗೆ ಹೊರಟೆವು. ಒಳ್ಳೆಯ ಚಳಿ. ಊರ ಹೊರಗಿನ ಗುಡಿಯ ಬಳಿ ಅರ್ಧ ಗಂಟೆಯ ಏರಿನ ಬಳಿಕ ಶೆಟ್ಟರು ನಿಂತರು. ಮಿಕ್ಕವರು ಮುಂದಿದ್ದರು, ನಾನೊಬ್ಬನೇ ಜೊತೆಗಿದ್ದೆ. "ಎದೆಯ ಮೇಲೆ ಯಾರೋ ಕೂತ ಹಾಗೆ ಆಗ್ತದೆ" ಎಂದರು. ನಾನೇನೆಂದೆ? "ರಾತ್ರಿ ಠೇಚಾ ಎರಡು ಸಲ ಹಾಕಿಸಿಕೊಂಡಿರಲ್ಲ, ಗ್ಯಾಸು. ನಡೆದರೆ ಇಳಿಯುತ್ತದೆ" ಎಂದೆ. ಅವರೂ ತಲೆಯಾಡಿಸಿ ಜೇಬಿನಿಂದ ಒಂದು ಪುಡಿಯ ಪೊಟ್ಟಣ ತೆಗೆದು ನೀರಿಗೆ ಹಾಕಿ ಕುಡಿದರು. ನಿಂತಿದ್ದರಿಂದ ಇಳಿದ ಬಿಗಿತವನ್ನು ಪುಡಿಯಿಂದ ಇಳಿಯಿತೆಂದು ಇಬ್ಬರೂ ನಂಬಿದೆವು. ಈ ಲೇಖನದಲ್ಲಿ ನಾನು ಬರೆಯಲೇಬೇಕಾದ ಮಾತು ಇದೊಂದೇ. ಉಳಿದುದೆಲ್ಲ ಇದರ ಸುತ್ತಿನದು.

ಮೊದಲ ಏಣಿ ಕಳೆಯಿತು. ಬೆಳಕು ಹರಿದು, ಕೆಳಗೆ ಭಂಡಾರದರಾದ ಜಲಾಶಯ ಹೊಳೆಯಿತು. ಪ್ರವರಾ ನದಿಗೆ ಕಟ್ಟಿದ ಆ ಅಣೆಕಟ್ಟು ಬ್ರಿಟಿಷರ ಕಾಲದ್ದು. ಪಶ್ಚಿಮಕ್ಕೆ ಅಲಂಗ, ಮದನ, ಕುಲಂಗ ಎಂಬ ಮೂರು ಕೋಟೆಬೆಟ್ಟಗಳು ಒಂದರ ಪಕ್ಕ ಒಂದು ನಿಂತಿದ್ದವು. ನೋಡಲು ನಾವು ನಿಂತಾಗಲೆಲ್ಲ ಶೆಟ್ಟರು ಸರಿಹೋಗುತ್ತಿದ್ದರು, ನಗುತ್ತಿದ್ದರು. ಹೆಜ್ಜೆಯಿಟ್ಟರೆ ಮೌನವಾಗುತ್ತಿದ್ದರು. ಎರಡನೆಯ ಏಣಿಯ ಬುಡದಲ್ಲಿ ತಿರುಗಿ ನೋಡಿದೆ. ಅವರು ಕಂಬಿ ಹಿಡಿದು ನಿಂತು, ಬಲಗೈಯ ಮುಷ್ಟಿಯನ್ನು ಎದೆಯ ನಡುವೆ ಒತ್ತಿ ಹಿಡಿದಿದ್ದರು. ಕಿವಿ ಮರಗಟ್ಟುವ ಆ ಗಾಳಿಯಲ್ಲಿ ಅವರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಅಲ್ಲಿ ಹಳ್ಳಿಯ ಒಬ್ಬ ಹೆಂಗಸು ಬಿದಿರಿನ ಚಪ್ಪರದ ಕೆಳಗೆ ನಿಂಬೆಹಣ್ಣಿನ ಪಾನಕ ಮಾರುತ್ತಿದ್ದಳು. ನಾವು ಮಾತಾಡುವ ಮೊದಲೇ "ಬಸಾ ಬಾಬಾ, ಬಸಾ" ಎಂದು ತನ್ನ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಂದಿಟ್ಟಳು. ತನ್ನ ಹೆಗಲ ಮೇಲಿದ್ದ ಘೊಂಗಡಿ ಕಂಬಳಿಯನ್ನು ಅವರ ಮೇಲೆ ಹೊದಿಸಿದಳು.

ಅನಂತರದ ಹತ್ತು ನಿಮಿಷ ನಮ್ಮಲ್ಲಿ ಚರ್ಚೆ. ರೈಲ್ವೆ ಮಿತ್ರರು ಗಾಳಿ ತೆಳುವಾಗಿರಬೇಕೆಂದರು. ಅದು ತಪ್ಪು; ಎತ್ತರದಿಂದ ಬರುವ ಬೇನೆ ಸಾಮಾನ್ಯವಾಗಿ 2500 ಮೀಟರು ದಾಟಿದ ಮೇಲಿನ ಮಾತು, ಸಹ್ಯಾದ್ರಿಯ ಈ ಭಾಗದಲ್ಲಿ ಅದಕ್ಕೆ ಎಡೆಯೇ ಇಲ್ಲ. ಶೆಟ್ಟರಂತೂ "ಏನಿಲ್ಲ, ಇಷ್ಟು ದೂರ ಬಂದು ದೇವಿಯ ದರ್ಶನವಿಲ್ಲದೆ ಇಳಿಯುವುದೇ? ನೀವು ಹತ್ತಿ, ನಾನು ನಿಧಾನ ಬರುತ್ತೇನೆ" ಎನ್ನುತ್ತಿದ್ದರು. ವಿಮೆಯ ತರುಣನ ಅಕ್ಕ ಡಾಕ್ಟರು. ಬಂಡೆಯ ಒಂದು ಮೂಲೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕಿತು. ಆಕೆ ಕೇಳಿದ್ದು ಕೆಲವೇ ಪ್ರಶ್ನೆಗಳು. ಏರುವಾಗ ಬರುತ್ತದೆಯೇ? ನಿಂತರೆ ಹೋಗುತ್ತದೆಯೇ? ದವಡೆಗೋ ತೋಳಿಗೋ ಹರಡುತ್ತದೆಯೇ? ಬೆವರು ಇದೆಯೇ? ಶೆಟ್ಟರು ಆಗ ಮೆಲ್ಲನೆ ಎಡ ದವಡೆ ಮುಟ್ಟಿ ತೋರಿಸಿದರು. ಅದನ್ನು ಹಲ್ಲುನೋವೆಂದು ಭಾವಿಸಿದ್ದರಂತೆ.

"ಇನ್ನು ಒಂದು ಹೆಜ್ಜೆಯೂ ಮೇಲಕ್ಕಿಲ್ಲ" ಎಂದಳು ಆಕೆ. ಆಸ್ಪಿರಿನ್ ಒಗ್ಗುತ್ತದೆಯೇ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋದದ್ದುಂಟೇ ಎಂದು ವಿಚಾರಿಸಿದಳು. ಇಲ್ಲವೆಂದಾಗ 300 ಮಿಲಿಗ್ರಾಂ ಅಗಿಯಲು ಕೊಡಿ ಎಂದಳು. ಮೇಷ್ಟರ ಚೀಲದಲ್ಲಿ ಅವರು ನಿತ್ಯ ತೆಗೆದುಕೊಳ್ಳುವ 75ರ ಮಾತ್ರೆಗಳಿದ್ದವು, ನಾಲ್ಕನ್ನು ಕೊಟ್ಟರು. ನೋವು ಸಂಪೂರ್ಣ ಇಳಿದರೆ ಅರ್ಧ ಗಂಟೆ ಕೂರಿಸಿ, ಬಹಳ ನಿಧಾನವಾಗಿ ಇಳಿಸಿ. ಕುಳಿತಾಗಲೂ ಹದಿನೈದು ನಿಮಿಷಕ್ಕೆ ಮೀರಿ ನಿಂತರೆ ಅದು ಹೃದಯಾಘಾತವೆಂದೇ ತಿಳಿದು ನಡೆಸಬೇಡಿ, ಹೊತ್ತು ಇಳಿಸಿ, 108ಕ್ಕೆ ಕರೆ ಮಾಡಿ. ಇಷ್ಟು ಅಪ್ಪಣೆ.

ನೋವು ಇಳಿಯಿತು. ಪಾನಕದಾಕೆಯ ಗಂಡನೂ ಇನ್ನಿಬ್ಬರು ಹುಡುಗರೂ ಒಂದು ಬಿದಿರಿನ ಗಳುವನ್ನು ಹೊತ್ತು ನಮ್ಮೊಂದಿಗೇ ಬಂದರು. ಬೇಕಾದರೆ ಕಂಬಳಿಯನ್ನು ಅದಕ್ಕೆ ಕಟ್ಟಿ ಡೋಲಿ ಮಾಡುವುದಾಗಿ ಹೇಳಿದರು. ಬೇಕಾಗಲಿಲ್ಲ. ಇಳಿಜಾರಿನ ನಡಿಗೆ ಏರಿನಷ್ಟು ಹೃದಯವನ್ನು ದುಡಿಸುವುದಿಲ್ಲವೆಂಬುದು ಆ ದಿನದ ಪುಣ್ಯ. ನೂರು ಹೆಜ್ಜೆಗೊಮ್ಮೆ ಕುಳಿತು, ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಎದುರಿನಿಂದ ಹತ್ತುತ್ತಿದ್ದ ಕಾಲೇಜು ಹುಡುಗರು "ಶಿಖರ ಇನ್ನೆಷ್ಟು ದೂರ ಅಂಕಲ್?" ಎಂದು ಕೇಳಿದಾಗಲೆಲ್ಲ ಶೆಟ್ಟರು "ಇಲ್ಲೇ, ಇಲ್ಲೇ" ಎನ್ನುತ್ತಿದ್ದರು. ಹಳ್ಳಿಯವರಿಗೆ ಹಣ ಕೊಡಹೋದೆ. ಹುಡುಗರು ತೆಗೆದುಕೊಂಡರು, ಆತ ಮಾತ್ರ ಒಲ್ಲೆನೆಂದ.

ಬಾರಿಯಿಂದ ಜೀಪಿನಲ್ಲಿ ನೇರ ನಾಸಿಕಕ್ಕೆ. ಅಲ್ಲಿಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಏನೂ ದೋಷವಿಲ್ಲ! ಶೆಟ್ಟರ ಮುಖದಲ್ಲಿ ಗೆಲುವು. ವೈದ್ಯರು ಮಾತ್ರ ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿ ಹೃದಯಾಘಾತವಾಗಿಲ್ಲವೆಂದು ಖಚಿತಪಡಿಸಿಕೊಂಡು, ರಾತ್ರಿಯೆಲ್ಲ ಇರಿಸಿಕೊಂಡು, ಆಂಜಿಯೋಗ್ರಾಂ ಮಾಡಿಸಲೇಬೇಕೆಂದು ಬರೆದುಕೊಟ್ಟರು. ಮಲಗಿದವನ ಇಸಿಜಿ ಚೆನ್ನಾಗಿದ್ದರೆ ಅದು ಆ ಕ್ಷಣದ ಸಾಕ್ಷಿ ಮಾತ್ರ ಎಂದರು. ನನಗೆ ಕೂಡಲೇ ಅರ್ಥವಾಯಿತು. ಮಾರ್ಚ್ 31ರ ಸಂಜೆ ಸಾಲಗಾರನ ಖಾತೆ ಎಷ್ಟು ಅಚ್ಚುಕಟ್ಟಾಗಿರುತ್ತದೆಂಬುದನ್ನು ನಾನು ನೋಡಿದ್ದೇನೆ. ಅವನ ನಿಜಸ್ಥಿತಿ ತಿಳಿಯಬೇಕಾದರೆ ಆಗಸ್ಟಿನ ಪುಟ ತಿರುವಬೇಕು.

ಮುಂಬಯಿಯಲ್ಲಿ ಆಂಜಿಯೋಗ್ರಾಂ ಆಯಿತು. ಹೃದಯದ ಮುಂಭಾಗಕ್ಕೆ ರಕ್ತವೊಯ್ಯುವ ಮುಖ್ಯ ನಾಳ ನೂರಕ್ಕೆ ತೊಂಬತ್ತು ಪಾಲು ಕಿರಿದಾಗಿತ್ತು. ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಶೆಟ್ಟರ ಪತ್ನಿ ನನ್ನನ್ನು ಬೈಯುವರೆಂದು ನಿರೀಕ್ಷಿಸಿ ತಲೆ ತಗ್ಗಿಸಿ ಕುಳಿತಿದ್ದೆ. ಅವರು ಬೈಯಲಿಲ್ಲ. "ಎರಡು ತಿಂಗಳಿಂದ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಹೀಗೇ ನಿಲ್ಲುತ್ತಿದ್ದರಂತೆ ಅಣ್ಣಾ, ನನಗೂ ಹೇಳಲಿಲ್ಲ. ಹೋಟೆಲಿನ ಹುಡುಗ ಹೇಳಿದ. ಪುಡಿ ತಿಂದು ತಿಂದು ಡಬ್ಬ ಖಾಲಿ ಮಾಡಿದ್ದಾರೆ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆ ಮೇಲೆ ನಾನು ಕೇಳಿ, ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಂಘದ ಬಂಧುಗಳ ಮುಂದಿಡುತ್ತೇನೆ. ಹೃದಯವು ಶರೀರಕ್ಕೆಲ್ಲ ರಕ್ತ ಹಂಚುವುದಾದರೂ ತನ್ನ ಸ್ನಾಯುವಿಗೆ ಬೇಕಾದುದನ್ನು ತನ್ನದೇ ಸಣ್ಣ ನಾಳಗಳಿಂದ ಪಡೆಯುತ್ತದೆ. ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾದರೂ ಕುಳಿತವನಿಗೆ ಏನೂ ತಿಳಿಯದಿರಬಹುದು, ಆಗಿನ ಬೇಡಿಕೆ ಅಷ್ಟು ಕಡಿಮೆ. ಏರು ಹತ್ತಿದಾಗ ಬೇಡಿಕೆ ಹಲವು ಪಟ್ಟು ಏರುತ್ತದೆ, ಸರಬರಾಜು ಏರಲಾರದು. ಆ ಕೊರತೆಯೇ ಎದೆಯ ಬಿಗಿತ. ವೈದ್ಯರು ಇದನ್ನು ಆಂಜೈನ ಎನ್ನುತ್ತಾರೆ. ಚಳಿಗಾಳಿಯಲ್ಲಿ, ಭಾರಿ ಊಟದ ಮೇಲೆ ನಡೆದಾಗ ಇದು ಬೇಗ ಕಾಣಿಸುತ್ತದೆ. ಊಟದ ಮೇಲೆ ಬಂದದ್ದರಿಂದಲೇ ನಾವು ಅದನ್ನು ಹೊಟ್ಟೆಯ ಲೆಕ್ಕಕ್ಕೆ ಬರೆಯುತ್ತೇವೆ. ಇದು ಇರಿಯುವ ನೋವಾಗಿರಬೇಕಿಲ್ಲ. ಒತ್ತಡ, ಭಾರ, ಉರಿ, ದವಡೆಯ ಸೆಳೆತ, ಬರಿಯ ಏದುಸಿರು ಯಾವುದೂ ಆಗಬಹುದು. ಸಕ್ಕರೆ ಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ನೋವೇ ಇಲ್ಲದೆ ಆಯಾಸ, ಓಕರಿಕೆಗಳಾಗಿ ಬರುವುದುಂಟು. ಶ್ರಮಪಟ್ಟಾಗ ಬಂದು ವಿಶ್ರಾಂತಿಗೆ ಹೋಗುವುದೆಂಬ ನಿಯಮವನ್ನು ಗಮನಿಸಬೇಕು. ಗ್ಯಾಸು ಮೆಟ್ಟಿಲುಗಳನ್ನು ಎಣಿಸುವುದಿಲ್ಲ.

ನಮ್ಮ ಜನ ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಲು ಕಾರಣವಿದೆ. 2007ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ವರದಿಯಂತೆ ದಕ್ಷಿಣ ಏಷ್ಯದವರಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53. ಅಧ್ಯಯನದ ಬೇರೆ ದೇಶಗಳಲ್ಲಿ ಸುಮಾರು 59. ಶೆಟ್ಟರಿಗೆ ಐವತ್ತೆರಡಾಗಿತ್ತು. ನಲವತ್ತು ದಾಟಿದವರು, ಅದರಲ್ಲಿಯೂ ಸಕ್ಕರೆ, ರಕ್ತದೊತ್ತಡ, ತಂಬಾಕು ಅಥವಾ ಮನೆತನದಲ್ಲಿ ಹೃದ್ರೋಗ ಇರುವವರು, ಬೆಟ್ಟ ಹತ್ತುವ ಮೊದಲು ವೈದ್ಯರನ್ನು ಕಾಣಬೇಕು. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ. ಆರು ವಾರ ಮೊದಲೇ ಮನೆಯ ಮೆಟ್ಟಿಲುಗಳ ಮೇಲೆ ಅಭ್ಯಾಸ ಆರಂಭಿಸಬೇಕು. ಲಿಫ್ಟಿರುವ ಕಟ್ಟಡದಲ್ಲಿ ವಾಸವಾದ ಮೇಲೆ ನಾವು ಮೆಟ್ಟಿಲನ್ನು ಬೆಂಕಿಯ ದಿನಕ್ಕೆಂದು ಮೀಸಲಿಟ್ಟಿದ್ದೇವೆ! ಏರುವಾಗ ಜೊತೆಗಾರನೊಡನೆ ಪೂರ್ತಿ ವಾಕ್ಯ ಆಡಲಾಗುತ್ತಿದ್ದರೆ ವೇಗ ಸರಿಯಾಗಿದೆ. ಒಂದೊಂದೇ ಶಬ್ದ ಬರುತ್ತಿದ್ದರೆ ಹೆಚ್ಚಾಯಿತು. ಶೆಟ್ಟರು ಅಂದು ಮಾತು ನಿಲ್ಲಿಸಿದ್ದನ್ನು ನಾನು ಪ್ರಕೃತಿ ಸೌಂದರ್ಯಕ್ಕೆ ಸೋತ ಮೌನವೆಂದುಕೊಂಡಿದ್ದೆ.

ಇಳಿಯುವಾಗ ತೊಡೆಗಳು ಬ್ರೇಕಿನಂತೆ ದುಡಿಯುವುದರಿಂದ ನೋವು ಮರುದಿನ, ಅದರ ಮರುದಿನ ಬರುತ್ತದೆ. ಹೆದರಬೇಕಾಗಿಲ್ಲ, ಒಂದು ಊರುಗೋಲು ಬಹಳ ಸಹಾಯ. ಆ ಮಂಗಳವಾರ ನಾನು ಬ್ಯಾಂಕಿನ ಮೆಟ್ಟಿಲನ್ನು ಏಡಿಯಂತೆ ಅಡ್ಡವಾಗಿ ಇಳಿದೆ. ನೀರು, ಉಪ್ಪು, ಸಕ್ಕರೆಯ ವಿಷಯ ಎಲ್ಲರಿಗೂ ಗೊತ್ತು: ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಶೆಟ್ಟರು ಈಗ ದಿನವೂ ಬೆಳಿಗ್ಗೆ ನಲವತ್ತೈದು ನಿಮಿಷ ನಡೆಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸುವುದಿಲ್ಲ; ಸ್ಟೆಂಟ್ ಹಾಕಿಸಿಕೊಂಡವರು ಅವನ್ನು ತಾವಾಗಿ ನಿಲ್ಲಿಸುವುದು ಅಪಾಯಕರವೆಂದು ಡಾಕ್ಟರು ಹೆದರಿಸಿಟ್ಟಿದ್ದಾರೆ. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ. ನೀವು ಎಳೆದುಕೊಂಡು ಹೋಗದಿದ್ದರೆ ಗಲ್ಲೆಯ ಮೇಲೆಯೇ ಬೀಳುತ್ತಿದ್ದೆ ಎನ್ನುತ್ತಾರೆ. ಅದೂ ಒಂದು ಲೆಕ್ಕವೇ. ಆದರೆ ಆ ಗುಡಿಯ ಬಳಿ ನಾನಾಡಿದ ಮಾತು ಅವರ ಲೆಕ್ಕದಲ್ಲಿಲ್ಲ, ನನ್ನದರಲ್ಲಿದೆ.

ಕಳೆದ ಡಿಸೆಂಬರಿನಲ್ಲಿ ವೈದ್ಯರ ಒಪ್ಪಿಗೆ ಪಡೆದು ನಾವು ಪುನಃ ಬಾರಿಗೆ ಹೋದೆವು, ಹತ್ತುವುದಕ್ಕಲ್ಲ. ಅಂದಿನ ಗಡಿಬಿಡಿಯಲ್ಲಿ ಪಾನಕದಾಕೆಯ ಘೊಂಗಡಿ ಶೆಟ್ಟರ ಮೈಮೇಲೆಯೇ ಉಳಿದು ಮುಂಬಯಿಗೆ ಬಂದುಬಿಟ್ಟಿತ್ತು. ಅವರ ಪತ್ನಿ ಅದನ್ನು ಲಾಂಡ್ರಿಗೆ ಕೊಟ್ಟು, ಇಸ್ತ್ರಿ ಮಾಡಿಸಿ, ಒಂದು ಸೀರೆಯೊಂದಿಗೆ ಕಾಗದದಲ್ಲಿ ಸುತ್ತಿ ಕಳುಹಿಸಿದ್ದರು. ಆಕೆ ಮನೆಯ ಅಂಗಳದಲ್ಲಿಯೇ ಸಿಕ್ಕಳು. ಶೆಟ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸೀರೆಯನ್ನು ಒಳಗಿಟ್ಟಳು, ಕಂಬಳಿಯನ್ನು ಬಿಡಿಸಿ ಮೂಗಿಗೆ ಹಿಡಿದಳು.

"ಧುತಲೀ ಕಾಯ್?" ಎಂದು ಕೇಳಿ, ತೊಳೆದ ತಪ್ಪಿಗೆ ನಮ್ಮೆಲ್ಲರನ್ನೂ ನೋಡಿ ನಗತೊಡಗಿದಳು.